262ನೇ ಹುಡುಗ ಸಿಕ್ಕಿದ ಅಂತ 3ನೇ ಹುಡುಗನ ಲೆಕ್ಕ ಚುಕ್ತಾನಾ?

ಏಪ್ರಿಲ್ ಬಂತೂಂದ್ರೆ ನಮ್ಮ ಬೇ ಏರಿಯಾದಲ್ಲಿ ಎರಡು ಕೆಲಸ. ಹದಿನೈದನೇ ತಾರೀಖಿನೊಳಗೆ ಟ್ಯಾಕ್ಸ್ ಕಟ್ಟೋದು, ತಿಂಗಳ ಕೊನೇಲಿ ಫುಟ್‌ಬಾಲ್ ಡ್ರಾಫ್ಟ್ ನೋಡ್ಕೊಂಡು ಬಾಯಿ ಬಡ್ಕೊಳ್ಳೋದು. ಎರಡನೇದು ಎಲ್ಲರಿಗೂ ಇಲ್ಲ ಬಿಡಿ, ಊರಿಂದ ಬಂದು ಇಲ್ಲಿನ ಹುಚ್ಚು ಹಿಡಿಸಿಕೊಂಡ ನನ್ನಂಥ ಕೆಲವರಿಗೆ ಮಾತ್ರ. ನಾನು ಹೇಳ್ತಿರೋದು ಕೈಯಲ್ಲಿ ಹಿಡಿದು ಓಡೋ, ತಲೆಗೆ ಹೆಲ್ಮೆಟ್ ಹಾಕ್ಕೊಂಡು ಗುದ್ದಾಡೋ ಅಮೆರಿಕದ ಫುಟ್‌ಬಾಲು. ನನ್ನ ಟೀಮು ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್. ಹೆಸರಿಗೆ ಸ್ಯಾನ್ ಫ್ರಾನ್ಸಿಸ್ಕೊ, ಆದ್ರೆ 2014ರಿಂದ ಆಡೋದು ಸಾಂಟಾ ಕ್ಲಾರಾದಲ್ಲಿ, ನಮ್ಮನೆಯಿಂದ ಹತ್ತೇ ನಿಮಿಷ.

ಮೊನ್ನೆ ಒಬ್ಬರ ಮನೇಲಿ ಸತ್ಯನಾರಾಯಣ ಪೂಜೆ. ಊಟಕ್ಕೆ ಕೂತಾಗ ಮಾತು ಎಲ್ಲೆಲ್ಲೋ ಸುತ್ತಿ ಇಲ್ಲಿಗೇ ಬಂತು. ಪಕ್ಕದಲ್ಲಿದ್ದ ಗೆಳೆಯ ಸಪಾದ ಭಕ್ಷ್ಯ ಮೆಲ್ಲುತ್ತಾ ಅಂದ: "ಏನೇ ಹೇಳು ಗುರೂ, ಆ ಲಾನ್ಸ್ ಟ್ರೇಡು ಆಗಿದ್ದೇ ಒಳ್ಳೇದಾಯ್ತು. ಅದಾಗದೇ ಇದ್ದಿದ್ರೆ ಪರ್ಡಿ ಎಲ್ಲಿ ಸಿಗ್ತಿದ್ದ?" ಸುತ್ತ ಕೂತ ನಾಲ್ಕು ತಲೆಗಳು ಹೌದ್ಹೌದು ಅಂತ ಆಡಿದವು. ನನಗೆ ಪ್ರಸಾದ ಗಂಟಲಲ್ಲೇ ನಿಂತ್ಹೋಯ್ತು. ಪೂಜೆ ಮನೇಲಿ ಜಗಳ ಬೇಡ ಅಂತ ನಮ್ಮಾಕೆ ಕಣ್ಣಲ್ಲೇ ಹೇಳಿದ್ಳು, ಸುಮ್ಮನಾದೆ. ಅವತ್ತು ನುಂಗಿಕೊಂಡಿದ್ದನ್ನ ಇಲ್ಲಿ ಕಾರಿಕೊಳ್ತಾ ಇದೀನಿ, ಸಹಿಸ್ಕೊಳಿ :)

ಈ ಆಟದ ಗಂಧಗಾಳಿ ಇಲ್ಲದವರಿಗೆ ಡ್ರಾಫ್ಟ್ ಅಂದ್ರೇನು ಅಂತ ಎರಡು ಮಾತು. ಎನ್‌ಎಫ್‌ಎಲ್‌ನಲ್ಲಿ 32 ಟೀಮು. ಕಾಲೇಜಿನಲ್ಲಿ ಆಡಿ ಬಂದ ಹುಡುಗರನ್ನ ಇವು ಸರದಿ ಪ್ರಕಾರ ಆರಿಸ್ಕೊಳ್ತವೆ. ಹಿಂದಿನ ವರ್ಷ ಅತಿ ಕೆಟ್ಟದಾಗಿ ಸೋತವರಿಗೆ ಮೊದಲ ಸರದಿ, ಕಪ್ ಗೆದ್ದವರಿಗೆ ಕೊನೇದು. ಹೀಗೆ ಏಳು ಸುತ್ತು, ಮೂರು ದಿನ. 1936ರಿಂದ ನಡ್ಕೊಂಡು ಬಂದಿರೋ ಪದ್ಧತಿ. ನಮ್ಮ ಸಿಇಟಿ ಕೌನ್ಸೆಲಿಂಗ್ ನೆನಪಿದೆಯಲ್ಲ, ಅದರ ಉಲ್ಟಾ. ಅಲ್ಲಿ ರ‍್ಯಾಂಕ್ ಬಂದವನು ಕಾಲೇಜು ಆರಿಸ್ತಾನೆ, ಇಲ್ಲಿ ಕಾಲೇಜೇ ಹುಡುಗನ್ನ ಆರಿಸತ್ತೆ, ಹುಡುಗ ಮುಚ್ಕೊಂಡು ಆ ಊರಿಗೆ ಹೋಗ್ಬೇಕು. ಈ ಸರದಿಯನ್ನ ಒಂದು ಚೀಟಿ ಅಂದ್ಕೊಳಿ. ಟೀಮುಗಳು ಈ ಚೀಟಿಗಳನ್ನ ಒಬ್ಬರಿಗೊಬ್ಬರು ಮಾರ್ಕೋಬಹುದು, ಮುಂದಿನ ವರ್ಷಗಳ ಚೀಟಿಯನ್ನೂ ಈಗಲೇ ಅಡವಿಡಬಹುದು. ತೊಂದರೆ ಶುರುವಾಗೋದೇ ಇಲ್ಲಿ.

2021ರ ಮಾರ್ಚ್ 26. ನಮ್ಮ ಜನರಲ್ ಮ್ಯಾನೇಜರ್ ಜಾನ್ ಲಿಂಚ್, ಕೋಚ್ ಕೈಲ್ ಶಾನಹನ್ ಸೇರಿ ಮಯಾಮಿ ಜೊತೆ ವ್ಯಾಪಾರ ಮಾಡಿದ್ರು. ನಮ್ಮ 12ನೇ ಸರದಿ, 2022ರ ಮೊದಲ ಸುತ್ತಿನ ಚೀಟಿ, 2023ರ ಮೊದಲ ಸುತ್ತಿನ ಚೀಟಿ, ಕೊಸರಿಗೆ 2022ರ ಮೂರನೇ ಸುತ್ತಿಂದು ಒಂದು. ನಾಲ್ಕೂ ಕೊಟ್ಟು ತಗೊಂಡಿದ್ದು ಒಂದೇ ಒಂದು, 3ನೇ ಸರದಿ. ಯಾಕೆ? ನಮ್ಮ ಕ್ವಾರ್ಟರ್‌ಬ್ಯಾಕ್ ಜಿಮ್ಮಿ ಗರಾಪಲೋ ಪದೇ ಪದೇ ಗಾಯ ಮಾಡ್ಕೊಳ್ತಾ ಇದ್ದ, ಅವನ ಜಾಗಕ್ಕೆ ಒಬ್ಬ ಹೊಸಬ ಬೇಕಿತ್ತು. ಒಂದು ತಿಂಗಳು ಊರೆಲ್ಲಾ ಒಂದೇ ಚರ್ಚೆ, ಯಾರನ್ನ ತಗೋತಾರೆ ಅಂತ. ಜಾಣರೆಲ್ಲಾ ಅಲಬಾಮಾದ ಮ್ಯಾಕ್ ಜೋನ್ಸ್ ಅಂದ್ರು. ಭಾನುವಾರದವರೆಗೂ ಜಿಮ್ಮಿ ಟೀಮಲ್ಲಿರ್ತಾನಾ ಅಂತ ಯಾರೋ ಕೇಳಿದ್ದಕ್ಕೆ ಶಾನಹನ್, ಭಾನುವಾರ ಜಗತ್ತಲ್ಲಿ ಯಾರು ಬದುಕಿರ್ತಾರೆ ಅಂತಾನೂ ನಾನು ಗ್ಯಾರಂಟಿ ಕೊಡೋಕಾಗಲ್ಲ ಅನ್ನೋ ಅರ್ಥದ ಉತ್ತರ ಕೊಟ್ಟಿದ್ರು. ಪುಣ್ಯಾತ್ಮ, ಅಷ್ಟು ವೇದಾಂತ ಗೊತ್ತಿದ್ದವರು ಎರಡು ವರ್ಷ ಆಚೆಗಿನ ಚೀಟಿ ಹೇಗೆ ಅಡವಿಟ್ರೋ!

ಏಪ್ರಿಲ್ 29ರ ರಾತ್ರಿ ಬಂದ ಹೆಸರು ಟ್ರೇ ಲಾನ್ಸ್. ನಾರ್ತ್ ಡಕೋಟ ಸ್ಟೇಟ್ ಅನ್ನೋ ಕಾಲೇಜಿನ ಇಪ್ಪತ್ತು ವರ್ಷದ ಹುಡುಗ. 2019ರಲ್ಲಿ 28 ಟಚ್‌ಡೌನ್ ಪಾಸು, ಒಂದೂ ಚೆಂಡು ಎದುರಾಳಿ ಕೈಗೆ ಹೋಗಿಲ್ಲ, ಟೀಮು 16ಕ್ಕೆ 16 ಗೆದ್ದಿತ್ತು. ಆಮೇಲೆ ಕೋವಿಡ್ ಬಂತು, 2020ರಲ್ಲಿ ಅವನು ಆಡಿದ್ದು ಒಂದೇ ಒಂದು ಪಂದ್ಯ. ಇಡೀ ಕಾಲೇಜು ಜೀವನದಲ್ಲಿ ಎಸೆದಿದ್ದು 318 ಪಾಸು.

ಸುಳ್ಳು ಯಾಕೆ ಹೇಳ್ಲಿ, ಅವತ್ತು ನಾನೂ ಸೋಫಾ ಮೇಲೆ ಕುಣಿದೆ. ಮಾರನೇ ದಿನವೇ 5ನೇ ನಂಬರಿನ ಕೆಂಪು ಅಂಗಿ ಆರ್ಡರ್ ಮಾಡಿದೆ. ಹಾಗಾಗಿ "ನಾನು ಆಗ್ಲೇ ಹೇಳಿದ್ದೆ" ಅನ್ನೋ ಗಿರಾಕಿ ನಾನಲ್ಲ. ನಾನು ಮೋಸಹೋದವನು, ಮೋಸಹೋದವನ ಹಕ್ಕಿನಿಂದ ಕೇಳ್ತಾ ಇದೀನಿ.

ಮಾರಿದ ಆ ಚೀಟಿಗಳು ಎಲ್ಲೆಲ್ಲಿಗೆ ಹೋದವು ನೋಡಿ. ನಮ್ಮ 12ನೇ ಸರದಿಯನ್ನ ಮಯಾಮಿಯವರು ಫಿಲಡೆಲ್ಫಿಯಾಗೆ ಕೊಟ್ರು, ಅವರು ಡಲ್ಲಾಸ್‌ಗೆ ಕೊಟ್ರು. ಡಲ್ಲಾಸ್ ಕೌಬಾಯ್ಸ್ ಅಂದ್ರೆ ನಮಗೆ ತಲೆತಲಾಂತರದ ದಾಯಾದಿಗಳು. ಅವರು ನಮ್ಮದೇ ಚೀಟೀಲಿ ಆರಿಸಿದ್ದು ಮೈಕಾ ಪಾರ್ಸನ್ಸ್‌ನ. ಆ ವರ್ಷ ಡಿಫೆನ್ಸ್ ವಿಭಾಗದ ಅತ್ಯುತ್ತಮ ಹೊಸ ಆಟಗಾರ ಅನ್ನಿಸ್ಕೊಂಡವನು ಅವನೇ.

2022ರ ಚೀಟಿ ಕತೆ ಇದಕ್ಕಿಂತ ಹೊಟ್ಟೆ ಉರಿಸತ್ತೆ. ಅದು ಕೊನೆಗೆ 29ನೇ ಸರದಿ ಆಯ್ತು. ಮಯಾಮಿಯವರು ಟೈರೀಕ್ ಹಿಲ್ ಬೇಕು ಅಂತ ಅದನ್ನ ಕ್ಯಾನ್ಸಾಸ್ ಸಿಟಿಗೆ ಕೊಟ್ರು. ಕ್ಯಾನ್ಸಾಸ್ ಸಿಟಿಯವರು ಅದಕ್ಕೆ ಇನ್ನೆರಡು ಚೀಟಿ ಸೇರಿಸಿ 21ನೇ ಸರದಿಗೆ ಜಿಗಿದು ಟ್ರೆಂಟ್ ಮೆಕ್‌ಡಫಿ ಅನ್ನೋ ಹುಡುಗನ್ನ ಆರಿಸ್ಕೊಂಡ್ರು. ಈಗ 2024ರ ಫೆಬ್ರವರಿ 11ಕ್ಕೆ ಬನ್ನಿ. ಲಾಸ್ ವೇಗಸ್, ಸೂಪರ್ ಬೌಲ್, ನಾವು ಮತ್ತು ಕ್ಯಾನ್ಸಾಸ್ ಸಿಟಿ, 16-16. ಇನ್ನೆರಡು ನಿಮಿಷ ಇದೆ. ನಮಗೆ ಐದು ಗಜ ಬೇಕು, ಸಿಕ್ಕಿದ್ರೆ ಗಡಿಯಾರ ಕರಗಿಸಿ ಗೆಲ್ಲಬಹುದು. ಪರ್ಡಿ ಚೆಂಡು ಎಸೀತಾನೆ, ಎದುರಿಂದ ಒಬ್ಬ ನುಗ್ಗಿ ಬಂದು ಕೈ ಅಡ್ಡ ಹಾಕ್ತಾನೆ. ಚೆಂಡು ನೆಲಕ್ಕೆ. ಯಾರಪ್ಪಾ ಅಂತ ನೋಡಿದ್ರೆ ಮೆಕ್‌ಡಫಿ! ನಾವು ಮೂರು ಪಾಯಿಂಟಿಗೆ ಸಮಾಧಾನ ಮಾಡ್ಕೊಂಡ್ವಿ, ಅವರು ಸಮ ಮಾಡಿದ್ರು, ಹೆಚ್ಚುವರಿ ಸಮಯದಲ್ಲಿ 25-22ಕ್ಕೆ ನಮ್ಮ ಕತೆ ಮುಗೀತು. ನಾವು ಮಾರಿದ ಚೀಟಿ ಎರಡು ಮನೆ ತಿರುಗಿ ಬಂದು ನಮ್ಮ ಕೆನ್ನೆಗೇ ಬಾರಿಸಿತ್ತು. ಅವತ್ತು ರಾತ್ರಿ ಮನೇಲಿ ಯಾರೂ ನನ್ನನ್ನ ಮಾತಾಡಿಸ್ಲಿಲ್ಲ, ಜಾಣರು.

(2023ರ ಚೀಟಿ? ಅದು ಡೆನ್ವರ್‌ಗೆ ಹೋಗಿ, ಅಲ್ಲಿಂದ ಒಬ್ಬ ಕೋಚ್‌ಗೆ ಬದಲಾಗಿ ನ್ಯೂ ಆರ್ಲಿಯನ್ಸ್‌ಗೆ ಹೋಯ್ತು. ಮದುವೆ ಮನೆಯ ಬ್ಲೌಸ್ ಪೀಸಿನ ಹಾಗೆ.)

ಈಗ ಗೆಳೆಯನ ವಾದಕ್ಕೆ ಬರ್ತೀನಿ. "ಹೋದ್ರೆ ಹೋಗ್ಲಿ, ಪರ್ಡಿ ಸಿಕ್ಕಿದ್ನಲ್ಲ."

ಬ್ರಾಕ್ ಪರ್ಡಿ ಸಿಕ್ಕಿದ್ದು ಹೇಗೆ? 2022ರ ಡ್ರಾಫ್ಟು, ಮೂರನೇ ದಿನ, ಏಳನೇ ಸುತ್ತು, 262ನೇ ಆಯ್ಕೆ. ಅವನ ನಂತರ ಯಾರೂ ಇಲ್ಲ, ಅಲ್ಲಿಗೆ ಅಂಗಡಿ ಬಾಗಿಲು. ಹೀಗೆ ಕಟ್ಟಕಡೆಗೆ ಆಯ್ಕೆ ಆದವನಿಗೆ ಇಲ್ಲಿ 'ಮಿಸ್ಟರ್ ಇರ್ರೆಲವೆಂಟ್' ಅಂತ ಬಿರುದು. ಅಂದ್ರೆ ಶ್ರೀಮಾನ್ ಲೆಕ್ಕಕ್ಕಿಲ್ಲದವನು. 1976ರಿಂದ ನ್ಯೂಪೋರ್ಟ್ ಬೀಚ್‌ನಲ್ಲಿ ಇಂಥವನನ್ನ ಕರೆಸಿ, ಚೆಂಡು ಕೈಜಾರಿ ಬೀಳ್ತಿರೋ ಆಟಗಾರನ ಪ್ರತಿಮೆ ಕೊಟ್ಟು, ಪಾರ್ಟಿ ಮಾಡಿ ಕಳಿಸ್ತಾರೆ.

ನಮ್ಮ ಟೀಮು ಆ ವರ್ಷ ಒಟ್ಟು ಒಂಬತ್ತು ಜನರನ್ನ ಆರಿಸಿತ್ತು. ಪರ್ಡಿ ಒಂಬತ್ತನೆಯವನು. ಅಂದ್ರೆ ಲಿಂಚ್ ಸಾಹೇಬ್ರು, ಶಾನಹನ್ ಸಾಹೇಬ್ರು ಎಂಟು ಸಲ ಪರ್ಡಿ ಹೆಸರು ಎದುರಿಗಿದ್ದೂ ಇನ್ನೊಬ್ಬನ ಹೆಸರು ಬರೆದ್ರು. ಇವನು ಸೂಪರ್ ಬೌಲ್‌ಗೆ ಕರ್ಕೊಂಡು ಹೋಗೋ ಹುಡುಗ ಅಂತ ಒಂಚೂರಾದ್ರೂ ಅನ್ನಿಸಿದ್ರೆ ಎಂಟು ಸಲ ಬಿಡ್ತಿದ್ರಾ? ಮಿಕ್ಕ 31 ಟೀಮಿನಲ್ಲಿ ಒಬ್ಬ ಬಾಯಿ ತೆರೆದಿದ್ರೂ ಹುಡುಗ ಹೋಗಿಬಿಡ್ತಿದ್ದ. ಅದು ದೂರದೃಷ್ಟಿ ಅಲ್ಲ ಸ್ವಾಮಿ, ಅಂಗಡಿ ಮುಚ್ಚೋ ಹೊತ್ತಲ್ಲಿ ಉಳಿದ ಬದನೆಕಾಯಿ ಚೀಲಕ್ಕೆ ಹಾಕ್ಕೊಂಡಿದ್ದು. ಆ ಬದನೆಕಾಯಿಯಿಂದ ಎಣ್ಣೆಗಾಯಿ ಅದ್ಭುತವಾಗಿ ಆಯ್ತು ಅನ್ನೋದು ನಿಜ. ಡಿಸೆಂಬರ್ 2022ರಲ್ಲಿ ಜಿಮ್ಮಿ ಕಾಲು ಮುರ್ಕೊಂಡಾಗ (ಎದುರಾಳಿ ಯಾರು ಗೊತ್ತಾ? ಅದೇ ಮಯಾಮಿ!) ಒಳಗೆ ಬಂದವನು, ಮರುವಾರ ಟಾಮ್ ಬ್ರೇಡಿಯ ಟೀಮನ್ನ 35-7ಕ್ಕೆ ಹೊಡೆದ. 2023ರಲ್ಲಿ 4,280 ಗಜ ಎಸೆದು ನಮ್ಮ ಟೀಮಿನ ದಾಖಲೆ ಮುರಿದ. ಅಷ್ಟೆಲ್ಲಾ ಮಾಡೋವಾಗ ಅವನ ಸಂಬಳ ಈ ಆಟದ ಲೆಕ್ಕದಲ್ಲಿ ಚಿಲ್ಲರೆ ಕಾಸು, ಬಾಡಿಗೆ ಉಳಿಸೋಕೆ ತನಗಿಂತ ಮೊದಲು 187ನೇ ಸರದಿಯಲ್ಲಿ ಆಯ್ಕೆಯಾದ ಹುಡುಗನ ಜೊತೆ ಮನೆ ಹಂಚ್ಕೊಂಡಿದ್ದ. ಮೂರು ಸೀಸನ್ ಮುಗಿಯೋತನಕ ಹೊಸ ಕರಾರು ಕೇಳೋ ಹಾಗಿಲ್ಲ ಅಂತ ನಿಯಮ. 2025ರಲ್ಲಿ ಐದು ವರ್ಷಕ್ಕೆ 26 ಕೋಟಿ 50 ಲಕ್ಷ ಡಾಲರಿನ ಕರಾರು ಆಯ್ತು, ನಮ್ಮಾಕೆ ಕೂಡ "ಪಾಪ, ಸದ್ಯ" ಅಂದ್ಳು :)

ಆದ್ರೆ ಲಾನ್ಸ್ ವ್ಯಾಪಾರಕ್ಕೂ ಇದಕ್ಕೂ ಏನು ಸಂಬಂಧ? 262ನೇ ಚೀಟಿ ಮಯಾಮಿಗೆ ಮಾರಿದ ಚೀಟಿಗಳಲ್ಲಿ ಬಂದಿದ್ದಲ್ಲ. ಆ ವ್ಯಾಪಾರ ಮಾಡದೇ ಇದ್ದಿದ್ರೂ ಕೊನೆ ಸುತ್ತಿನ ಆ ಚೀಟಿ ನಮ್ಮ ಕೈಯಲ್ಲೇ ಇರ್ತಿತ್ತು, ಜೊತೆಗೆ ಮೊದಲ ಸುತ್ತಿನ ಮೂರು ಹುಡುಗರೂ ಇರ್ತಿದ್ರು. ಒಂದು ಕೈಯಲ್ಲಿ ಮನೆ ಸುಟ್ಟುಕೊಂಡವನಿಗೆ ದಾರೀಲಿ ಚಿನ್ನದ ಉಂಗುರ ಸಿಕ್ಕಿದ್ರೆ, ಮನೆ ಸುಟ್ಟಿದ್ದೇ ಒಳ್ಳೇದಾಯ್ತು ಅಂತೀವಾ?

ಅದೃಷ್ಟದ ಬಗ್ಗೆ ನನಗೆ ತಕರಾರಿಲ್ಲ. ನಾನು ಈ ದೇಶಕ್ಕೆ ಬಂದಿದ್ದೇ 2008ರ ವೀಸಾ ಲಾಟರೀಲಿ. ನನಗಿಂತ ಬುದ್ಧಿವಂತನಾಗಿದ್ದ ನನ್ನ ರೂಂಮೇಟ್ ಹೆಸರು ಬರಲಿಲ್ಲ, ನಂದು ಬಂತು. ಆ ಲಾಟರಿ ಎತ್ತಿದ ಕಂಪ್ಯೂಟರು ನನ್ನ ಪ್ರತಿಭೆ ಗುರುತಿಸಿತು ಅಂತ ನಾನು ಹೇಳ್ಕೊಂಡು ತಿರುಗಿದ್ರೆ ನೀವೇ ನಗ್ತೀರಿ. ನಮ್ಮ ಆರ್‌ಸಿಬಿಯನ್ನೇ ತಗೊಳಿ, 2011ರ ಹರಾಜಲ್ಲಿ ಕ್ರಿಸ್ ಗೇಲ್‌ನ ಯಾರೂ ಕೊಳ್ಳಲಿಲ್ಲ, ನಮ್ಮವರೂ ಕೊಳ್ಳಲಿಲ್ಲ. ಆಮೇಲೆ ಒಬ್ಬ ಬೌಲರ್ ಗಾಯಗೊಂಡ ಅಂತ ಕರೆಸಿದ್ರು, ಬಂದ ಮೊದಲ ಪಂದ್ಯದಲ್ಲೇ ಸೆಂಚುರಿ ಹೊಡೆದ. ನಾವು ಕುಣಿದ್ವಿ, ಸರಿ. ಆದ್ರೆ ಹರಾಜಿಗೆ ಕೂತವರು ಮಹಾ ಜಾಣರು ಅಂತ ಯಾರಾದ್ರೂ ಅಂದಿದ್ರಾ?

"ಆಗಿಹೋದ ಮೇಲೆ ಎಲ್ಲರೂ ಬುದ್ಧಿವಂತರೇ, 2021ರಲ್ಲಿ ಯಾರಿಗೆ ಗೊತ್ತಿತ್ತು?" ಇದು ಇನ್ನೊಂದು ರಾಗ. ನಾನೂ ಅದನ್ನೇ ಹೇಳ್ತಿರೋದು ಮಾರಾಯ್ರೇ! ಯಾರಿಗೂ ಗೊತ್ತಿರಲಿಲ್ಲ. ಲಾನ್ಸ್ ಗೆಲ್ತಾನೋ ಸೋಲ್ತಾನೋ ಅಂತ ಗೊತ್ತಾಗೋಕೆ ಸಾಧ್ಯವಿರಲಿಲ್ಲ ಅನ್ನೋದು ಮಾತ್ರ 2021ರಲ್ಲೂ ಗೊತ್ತಿತ್ತು. ಮ್ಯಾಸಿ ಮತ್ತು ಥೇಲರ್ ಅಂತ ಇಬ್ಬರು ಅರ್ಥಶಾಸ್ತ್ರದ ಮೇಷ್ಟ್ರುಗಳು ಈ ಡ್ರಾಫ್ಟನ್ನೇ ಹಿಡಿದು ಲೆಕ್ಕ ಹಾಕಿದಾರೆ. (ಥೇಲರ್‌ಗೆ 2017ರಲ್ಲಿ ನೊಬೆಲ್ ಬಂತು.) ಒಂದೇ ಸ್ಥಾನದಲ್ಲಿ ಆಡೋ ಇಬ್ಬರಲ್ಲಿ ಮೊದಲು ಆಯ್ಕೆಯಾದವನು ಅವನ ಹಿಂದೆಯೇ ಬಂದವನಿಗಿಂತ ಚೆನ್ನಾಗಿ ಆಡೋ ಸಾಧ್ಯತೆ ನೂರಕ್ಕೆ 52. ನಾಣ್ಯ ಚಿಮ್ಮಿದ್ರೆ 50 ಬರತ್ತೆ. ಆ ಎರಡು ಪಾಯಿಂಟಿನ ಜಾಣತನ ನಂಬ್ಕೊಂಡು ಮೂರು ವರ್ಷದ ಚೀಟಿ ಮಾರೋದಾ?

ಮೇಷ್ಟ್ರುಗಳ ಲೆಕ್ಕ ಬೇಡ ಅಂದ್ರೆ ನಮ್ಮ ಟೀಮಿನ ಹಳೇ ಕಡತ ತೆಗೀರಿ. 2000ದಲ್ಲಿ ಸ್ಯಾನ್ ಮಟೇಯೊದ ಹುಡುಗ, ಚಿಕ್ಕಂದಿನಿಂದ ನಮ್ಮ ಟೀಮಿನ ಅಭಿಮಾನಿ, ಟಾಮ್ ಬ್ರೇಡಿ. ನಾವು ಅವನನ್ನ ಬಿಟ್ಟು 65ನೇ ಸರದೀಲಿ ಜಿಯೊವಾನಿ ಕಾರ್ಮಾಟ್ಸಿ ಅನ್ನೋನನ್ನ ತಗೊಂಡ್ವಿ. ಅವನು ಲೀಗಿನಲ್ಲಿ ಒಂದು ಪಂದ್ಯಾನೂ ಆಡಲಿಲ್ಲ. ಬ್ರೇಡಿ 199ನೇ ಸರದೀಲಿ ನ್ಯೂ ಇಂಗ್ಲೆಂಡ್‌ಗೆ ಹೋಗಿ ಒಟ್ಟು ಏಳು ಸೂಪರ್ ಬೌಲ್ ಗೆದ್ದ. 2005ರಲ್ಲಿ ಮೊಟ್ಟಮೊದಲ ಸರದಿ ನಮ್ದೇ. ಬರ್ಕ್‌ಲಿಯಲ್ಲಿ ಆಡ್ತಿದ್ದ ಆರನ್ ರಾಜರ್ಸ್, ಅವನೂ ನಮ್ಮ ಅಭಿಮಾನಿಯೇ, ಕಣ್ಣೆದುರು ಕೂತಿದ್ದ. ನಾವು ಅಲೆಕ್ಸ್ ಸ್ಮಿತ್ ಅಂದ್ವಿ, ರಾಜರ್ಸ್ 24ರವರೆಗೂ ಕಾದು ಗ್ರೀನ್ ಬೇಗೆ ಹೋದ. 2017ರಲ್ಲಿ 3ನೇ ಸರದೀಲಿ ಸಾಲೊಮನ್ ಥಾಮಸ್. ಪ್ಯಾಟ್ರಿಕ್ ಮಹೋಮ್ಸ್ 10ರಲ್ಲಿ ಕ್ಯಾನ್ಸಾಸ್ ಸಿಟಿಗೆ ಸಿಕ್ಕಿ ನಮ್ಮನ್ನೇ ಎರಡು ಸಲ ಸೂಪರ್ ಬೌಲಲ್ಲಿ ಸೋಲಿಸಿದ. ಇನ್ನೊಂದು ಕಡೆ ನೋಡಿದ್ರೆ, ನಮ್ಮ ದೇವರು ಜೋ ಮಾಂಟಾನ 1979ರಲ್ಲಿ ಬಂದಿದ್ದು 82ನೇ ಸರದೀಲಿ. ಫ್ರೆಡ್ ವಾರ್ನರ್ 70, ಜಾರ್ಜ್ ಕಿಟಲ್ 146. ಈ ಕೊನೆಯಿಬ್ಬರನ್ನ ಆರಿಸಿದ್ದು ಇದೇ ಲಿಂಚ್, ಇದೇ ಶಾನಹನ್! ನಡುವಿನ ಸುತ್ತುಗಳಲ್ಲಿ ಬಾವಿ ತೋಡಿ ತೋಡಿ ನೀರು ಕಂಡ ಜನ ಇವರು. 1849ರಲ್ಲಿ ಚಿನ್ನ ಹುಡುಕಿಕೊಂಡು ಬಂದವರ ಹೆಸರು ಟೀಮಿಗೆ. ಅಗೆಯೋ ಜಾಗಾನೆಲ್ಲಾ ಮಾರಿ ಒಂದೇ ಗುಂಡಿ ಕೊಂಡರು.

ನ್ಯಾಯವಾಗಿ ಮಾತಾಡ್ಬೇಕು ಅಂದ್ರೆ ಮೇಲಕ್ಕೆ ಜಿಗಿದು ಗೆದ್ದವರೂ ಇದ್ದಾರೆ. ಆ ಮಹೋಮ್ಸ್‌ಗಾಗಿ ಕ್ಯಾನ್ಸಾಸ್ ಸಿಟಿಯವರು 27ರಿಂದ 10ಕ್ಕೆ ಜಿಗಿದಿದ್ರು. ಆದ್ರೆ ಅವರು ಅಡವಿಟ್ಟಿದ್ದು ಮುಂದಿನ ಒಂದು ವರ್ಷದ ಮೊದಲ ಸುತ್ತನ್ನ ಮಾತ್ರ. ಜಿಗಿದು ತಂದ ಹುಡುಗನ್ನ ಮೊದಲ ವರ್ಷ ಹೆಚ್ಚುಕಡಿಮೆ ಪೂರ್ತಿ ಪಕ್ಕದಲ್ಲಿ ಕೂರಿಸಿ ಕಲಿಸಿದ್ರು. ಆ ವರ್ಷ ಆಡಿ ತೋರಿಸಿದ ಹಿರಿಯ ಯಾರು? ನಾವು ಕೈಬಿಟ್ಟ ಅಲೆಕ್ಸ್ ಸ್ಮಿತ್. ನಗಬೇಡಿ.

ಇಷ್ಟು ಹೊತ್ತು ಚೀಟಿ ಲೆಕ್ಕ ಆಯ್ತು. ನನಗೆ ನಿಜವಾಗಿ ಚುಚ್ಚೋದು ಬೇರೆ.

2022ರ ಸೆಪ್ಟೆಂಬರ್ 18. ಲಾನ್ಸ್ ಕೊನೆಗೂ ನಮ್ಮ ಮುಖ್ಯ ಆಟಗಾರ ಅಂತ ಸಾಂಟಾ ಕ್ಲಾರಾದಲ್ಲಿ ಇಳಿದ, ಎದುರಿಗೆ ಸಿಯಾಟಲ್. ಮಗಳನ್ನೂ ಕರ್ಕೊಂಡು ಹೋಗಿದ್ದೆ. ಮೊದಲ ಕ್ವಾರ್ಟರಿನಲ್ಲೇ, ದಪ್ಪ ದಪ್ಪ ಆಳುಗಳ ನಡುವೆ ಚೆಂಡು ಹಿಡಿದು ಓಡು ಅಂತ ಕೋಚ್ ಹೇಳಿದ ಆಟ, ಓಡಿದ, ಬಿದ್ದ, ಏಳಲಿಲ್ಲ. ಕಣಕಾಲು ಮುರಿದಿತ್ತು. ಗಾಡಿ ಬಂತು, ಎರಡೂ ಟೀಮಿನವರು ಸುತ್ತ ನಿಂತ್ರು. ಅವನನ್ನ ಒಳಗೆ ಕರ್ಕೊಂಡು ಹೋದ ಮೇಲೆ ಜಿಮ್ಮಿ ಹೆಲ್ಮೆಟ್ ಹಾಕ್ಕೊಂಡು ಬಂದ. ಸ್ಟೇಡಿಯಂನಲ್ಲಿ ಚಪ್ಪಾಳೆ, "ಜಿಮ್ಮಿ ಜಿಮ್ಮಿ" ಅಂತ ಕೂಗು. ನಾನೂ ಚಪ್ಪಾಳೆ ಹೊಡೆದೆ. ಮೈಮೇಲೆ 5ನೇ ನಂಬರಿನ ಅಂಗಿ ಹಾಕ್ಕೊಂಡೇ ಹೊಡೆದೆ. ಮಗಳು ಪಕ್ಕದಿಂದ ನನ್ನ ಮುಖ ನೋಡಿ, "ಅಪ್ಪಾ, ಅವನಿಗೆ ನೋವಾಗಿದೆ, ಯಾಕೆ ಖುಷಿ?" ಅಂದ್ಳು. ಆವತ್ತು 27-7ಕ್ಕೆ ಗೆದ್ವಿ. ಏನು ಉತ್ತರ ಕೊಟ್ಟೆ ಅಂತ ನೆನಪಿಲ್ಲ, ಕೊಟ್ಟಿರಲಿಕ್ಕಿಲ್ಲ.

ಒಟ್ಟು ನಾಲ್ಕು ಪಂದ್ಯ. ಮುಖ್ಯ ಆಟಗಾರನಾಗಿ ನಮಗೋಸ್ಕರ ಲಾನ್ಸ್ ಶುರು ಮಾಡಿದ್ದು ಅಷ್ಟೇ. 2023ರ ಆಗಸ್ಟಿನಲ್ಲಿ ನಾಲ್ಕನೇ ಸುತ್ತಿನ ಒಂದು ಚೀಟಿಗೆ ಮಾರಿದ್ರು, ಅದೂ ಡಲ್ಲಾಸ್‌ಗೆ. ಡಲ್ಲಾಸ್‌ನವರ ಹತ್ತಿರ ಈಗ ನಮ್ಮ ಚೀಟೀಲಿ ಬಂದ ಪಾರ್ಸನ್ಸ್‌ನೂ ಇದ್ದ, ಲಾನ್ಸ್‌ನೂ ಇದ್ದ! ಅಲ್ಲಿ ಎರಡು ವರ್ಷ ಬೆಂಚು ಕಾದು 2025ರಲ್ಲಿ ಚಾರ್ಜರ್ಸ್ ಸೇರಿದ. ಪ್ರಯತ್ನ ಮಾಡಿದ್ವಿ, ಕೈಗೂಡಲಿಲ್ಲ ಅಂತ ಲಿಂಚ್ ಒಪ್ಪಿಕೊಂಡ್ರು, ಆ ಮಟ್ಟಿಗೆ ದೊಡ್ಡತನ. ಆದ್ರೆ ಹುಡುಗ ಊರು ಬಿಟ್ಟ ಅದೇ ವರ್ಷ ಆರಿಸಿದ ಇಬ್ಬರ ಕರಾರೂ ಮುಂದುವರೀತು. ನಮ್ಮ ಮಾತಿನಲ್ಲೂ ಅಷ್ಟೇ, "ಲಾನ್ಸ್ ಫ್ಲಾಪ್" ಅಂತೀವಿ. ಮೂರು ಮೊದಲ ಸುತ್ತಿನ ಬೆಲೆ ನನಗೆ ಕೊಡಿ ಅಂತ ಆ ಹುಡುಗ ಕೇಳಿದ್ನಾ? 318 ಪಾಸು ಎಸೆದಿದೀನಿ ಅನ್ನೋದನ್ನ ಮುಚ್ಚಿಟ್ಟಿದ್ನಾ? ಬೆಲೆ ಕಟ್ಟಿದವನು ಒಬ್ಬ, ಆ ಬೆಲೆಯ ಭಾರ ಹೊತ್ತವನು ಇನ್ನೊಬ್ಬ. 12ನೇ ಸರದೀಲಿ ಬಂದಿದ್ರೆ ಇವನನ್ನ ನಾವು ಇನ್ನೆರಡು ವರ್ಷ ತಾಳ್ಮೆಯಿಂದ ನೋಡ್ತಿದ್ವಿ. ಹಣ ಬಂತಲ್ಲ ಅಂತೀರಿ, ಬಂತು, 3 ಕೋಟಿ 41 ಲಕ್ಷ ಡಾಲರ್. ಮುರಿದ ಕಣಕಾಲಿನ ಮೇಲೆ ಬಿದ್ದ ಚಪ್ಪಾಳೆ ಅದರಲ್ಲಿ ಸೇರಿತ್ತಾ ಗೊತ್ತಿಲ್ಲ.

ಇದಕ್ಕೆಲ್ಲಾ ಕಳಶ ಇಟ್ಟ ಹಾಗೆ 2025ರಲ್ಲಿ ಏನಾಯ್ತು ಗೊತ್ತಲ್ಲ? ಪರ್ಡಿ ಕಾಲ್ಬೆರಳು ನೋವಿಗೆ ಕೂತ. ಅವನ ಬದಲು ಎಂಟು ಪಂದ್ಯ ಆಡಿ ಐದು ಗೆಲ್ಲಿಸಿಕೊಟ್ಟವನು ಮ್ಯಾಕ್ ಜೋನ್ಸ್. ಹೌದು, 2021ರಲ್ಲಿ 3ನೇ ಸರದಿಗೆ ಇವನೇ ಅಂತ ಎಲ್ಲರೂ ಅಂದಿದ್ದ ಅದೇ ಜೋನ್ಸ್. ಬೇರೆ ಎರಡು ಟೀಮು ಸುತ್ತಿ, ನಮ್ಮಲ್ಲಿಗೆ ಸಣ್ಣ ಕರಾರಿಗೆ ಬಂದಿದ್ದ. ಅವನಿಗಾಗಿ ನಾವು ಕೊಟ್ಟ ಚೀಟಿ ಎಷ್ಟು? ಸೊನ್ನೆ.

ಆ ಗೆಳೆಯ ಇದನ್ನ ಓದ್ತಾನೆ ಅಂತ ಗೊತ್ತು. ಓದಿ ಫೋನ್ ಮಾಡ್ತಾನೆ, "ಆದ್ರೂ ಪರ್ಡಿ..." ಅಂತಾನೆ. ಮಾಡ್ಲಿ. ಮುಂದಿನ ಸಲ ಡ್ರಾಫ್ಟ್ ಇದ್ದಾಗ ಗುರುವಾರದ ಮೊದಲ ಸುತ್ತಿಗೆ ನಮ್ಮನೆಗೆ ಬರಬೇಡ, ಶನಿವಾರ ಬಾ ಅಂತ ಹೇಳಿದೀನಿ. ನಾಲ್ಕನೇ ಸುತ್ತಿಂದ ಶುರು, ಏಳನೇ ಸುತ್ತಿನ ಕೊನೇ ಹೆಸರಿನವರೆಗೂ ಕೂರೋದು. ಚಿತ್ರಾನ್ನ ನಮ್ಮನೇದು, ಕೋಡುಬಳೆ ಅವನು ತರ್ಬೇಕು. 5ನೇ ನಂಬರಿನ ಅಂಗಿ ಮಗಳು ತಗೊಂಡಿದಾಳೆ, ರಾತ್ರಿ ಹಾಕ್ಕೊಂಡು ಮಲಗ್ತಾಳೆ. ಬೇರೆ ಕೊಡಿಸ್ಲಾ ಅಂತ ಕೇಳಿದ್ರೆ ಬೇಡ ಅಂದ್ಳು.